ಫ್ರೊಬೆಲ್: ಮಗುವಿನ ಕೈಯನ್ನು ಗಮನಿಸಿದ ಶಿಕ್ಷಕ

ಎಲ್.ಕೆ.ಜಿ., ಯು.ಕೆ.ಜಿ. ಎಂಬ ಫಲಕಗಳು ಇಂದು ನಮ್ಮ ಸಣ್ಣ ಊರುಗಳ ಬೀದಿಗಳಲ್ಲೂ ಕಾಣುತ್ತವೆ. ಆ ಕೆ.ಜಿ. ಎಂದರೆ ಕಿಂಡರ್‌ಗಾರ್ಟನ್, ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ ಎಂದು ಅರ್ಥ. ಆ ಪದವನ್ನು ಕೊಟ್ಟ ಫ್ರೆಡ್ರಿಕ್ ಫ್ರೊಬೆಲ್ ಅವರನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಪರೀಕ್ಷೆಗಾಗಿ ಓದುತ್ತಾರೆ. ಉಡುಗೊರೆಗಳು, ಕೈಗೆಲಸಗಳು, ಏಕತೆಯ ತತ್ತ್ವ ಎಂದು ಐದು ಅಂಕದ ಉತ್ತರಕ್ಕೆ ಬೇಕಾದಷ್ಟು ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಅಭ್ಯಾಸ ಬೋಧನೆಗೆ ಹೊರಡುವ ದಿನ ಆ ಟಿಪ್ಪಣಿ ಹಾಸ್ಟೆಲಿನಲ್ಲೇ ಉಳಿಯುತ್ತದೆ. ಅವರ ಬದುಕನ್ನು ಒಮ್ಮೆ ನಿಧಾನವಾಗಿ ನೋಡಿದರೆ ಆ ಟಿಪ್ಪಣಿಯನ್ನು ಶಾಲೆಗೂ ಒಯ್ಯಬೇಕೆನಿಸೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಅವರ ತತ್ತ್ವಜ್ಞಾನವನ್ನು ಇಲ್ಲಿ ಹೆಚ್ಚು ಚರ್ಚಿಸುವುದಿಲ್ಲ. ಮಗುವಿನ ಕೈಕಾಲು ಹೇಗೆ ಪಳಗುತ್ತದೆ, ಅದರಲ್ಲಿ ಆಟದ ಪಾಲೇನು ಎಂಬುದಕ್ಕೆ ಸಂಬಂಧಿಸಿದ ಸಂಗತಿಗಳೇ ಇಲ್ಲಿ ಮುಖ್ಯ.

ಫ್ರೊಬೆಲ್ ಹುಟ್ಟಿದ್ದು 1782ರ ಏಪ್ರಿಲ್ 21ರಂದು, ತುರಿಂಗಿಯಾದ ಗುಡ್ಡಗಾಡಿನ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಕೂಸಿಗೆ ಒಂಬತ್ತು ತಿಂಗಳಾಗುವಷ್ಟರಲ್ಲಿ ತಾಯಿ ತೀರಿಕೊಂಡರು. ತಂದೆಗೆ ಹಲವು ಹಳ್ಳಿಗಳ ಚರ್ಚಿನ ಹೊಣೆ. ಮಗುವನ್ನು ಮನೆಯ ಆಳುಗಳು ಮತ್ತು ಅಣ್ಣಂದಿರು ನೋಡಿಕೊಂಡರು. ಮಲತಾಯಿ ಬಂದ ಮೊದಲಲ್ಲಿ ಪ್ರೀತಿ ಸಿಕ್ಕಿತು. ಆಕೆಗೆ ಸ್ವಂತ ಮಗು ಹುಟ್ಟಿದ ಮೇಲೆ ಅದು ನಿಂತುಹೋಯಿತು. ಮನೆಯ ಮಕ್ಕಳನ್ನು ಕರೆಯುವ ಸಲಿಗೆಯ ಏಕವಚನವನ್ನು ಬಿಟ್ಟು, ಹೊರಗಿನವರನ್ನು ಮಾತನಾಡಿಸುವಂತೆ ಈ ಹುಡುಗನನ್ನು ಮಾತನಾಡಿಸತೊಡಗಿದರು. ಈ ಸಣ್ಣ ವ್ಯಾಕರಣದ ಬದಲಾವಣೆಯನ್ನು ಫ್ರೊಬೆಲ್ ಮುದುಕರಾದರೂ ಮರೆಯಲಿಲ್ಲ.

ಮನೆಯ ಸುತ್ತ ಗೋಡೆ, ಬೇಲಿ. ಅದನ್ನು ದಾಟಿ ಊರ ಹುಡುಗರ ಜತೆ ಓಡಾಡಲು ಅನುಮತಿ ಇರಲಿಲ್ಲ. ಮಗ್ಗುಲಲ್ಲೇ ಚರ್ಚು. ಅದರ ದುರಸ್ತಿ ನಡೆಯುವಾಗ ಕೆಲಸಗಾರರನ್ನು ನೋಡುತ್ತಾ ನಿಂತು, ತಾನೂ ಹಾಗೆಯೇ ಕಟ್ಟಬೇಕೆಂದು ಕೈಗೆ ಸಿಕ್ಕಿದ ಸಾಮಾನುಗಳನ್ನು ಪೇರಿಸಿ ಸೋತದ್ದನ್ನು ಅವರು ಮುಂದೆ ನೆನೆದಿದ್ದಾರೆ. ಓದೂ ಸುಲಭವಾಗಿ ಹತ್ತಲಿಲ್ಲ. ತಂದೆ ಮಗನನ್ನು ಮಂದಬುದ್ಧಿಯವನೆಂದೇ ತಿಳಿದರು; ಊರಿನ ಗಂಡುಮಕ್ಕಳ ಶಾಲೆಯ ಬದಲು ಹೆಣ್ಣುಮಕ್ಕಳ ಶಾಲೆಯಲ್ಲಿ ಕೂರಿಸಿದರು.

ಹತ್ತನೆಯ ವಯಸ್ಸಿನಲ್ಲಿ ಅದೃಷ್ಟ ತಿರುಗಿತು. ತಾಯಿಯ ಅಣ್ಣ ಹಾಫ್‌ಮನ್ ಬಂದು, ಹುಡುಗನ ಸ್ಥಿತಿ ನೋಡಿ, ತಮ್ಮೂರು ಶ್ಟಾಟ್‌ಇಲ್ಮ್‌ಗೆ ಕರೆದೊಯ್ದರು. ಆ ಸೋದರಮಾವನ ಮನೆಯಲ್ಲಿ ಕಳೆದ ಸುಮಾರು ಐದು ವರ್ಷ ಫ್ರೊಬೆಲ್ ಬಾಲ್ಯದ ಒಳ್ಳೆಯ ಕಾಲ. ಹೊರಗೆ ಹೋಗಬಹುದಿತ್ತು, ಹೊತ್ತಿಗೆ ಸರಿಯಾಗಿ ಮನೆ ಸೇರಿದರೆ ಸಾಕಿತ್ತು. ಓರಗೆಯ ಹುಡುಗರ ಶಾಲೆ, ಆಡಲು ಬಯಲು. ಆದರೆ ಆಟಕ್ಕಿಳಿದಾಗ ಒಂದು ಸಂಗತಿ ಗೊತ್ತಾಯಿತು: ಈ ಹುಡುಗನ ಮೈ ಆಟಕ್ಕೆ ಪಳಗಿರಲಿಲ್ಲ. ಧೈರ್ಯವಿತ್ತು, ಉತ್ಸಾಹವಿತ್ತು, ಜತೆಯವರಿಗಿದ್ದ ಬಲ, ಚುರುಕು, ತನ್ನ ಮೈ ಎಷ್ಟನ್ನು ಮಾಡಬಲ್ಲದು ಎಂಬ ಅಂದಾಜು ಇರಲಿಲ್ಲ. ನಮ್ಮ ಕಡೆ ಹೇಳುವಂತೆ ಆಟಕ್ಕುಂಟು ಲೆಕ್ಕಕ್ಕಿಲ್ಲ. ನಲವತ್ತೈದು ದಾಟಿದ ಮೇಲೆ ಮೈನಿಂಗನ್ ಸಂಸ್ಥಾನದ ದೊರೆಗೆಂದು ತಮ್ಮ ಜೀವನವೃತ್ತಾಂತವನ್ನು ದೀರ್ಘ ಪತ್ರವಾಗಿ ಬರೆದಾಗಲೂ ಫ್ರೊಬೆಲ್ ಈ ಕೊರತೆಯನ್ನು ಬಿಡದೆ ದಾಖಲಿಸಿದರು. ಬೇಲಿಯೊಳಗೆ ಬೆಳೆದ ಮಗು ಬೇಲಿ ತೆಗೆದ ದಿನವೇ ಓಡಲಾರದು ಎಂಬುದನ್ನು ಅವರು ಪುಸ್ತಕದಿಂದ ಕಲಿತದ್ದಲ್ಲ. ನಾಲ್ಕನೆಯ ವಯಸ್ಸಿಗೆ ಆಗಬೇಕಾದದ್ದು ಹತ್ತನೆಯ ವಯಸ್ಸಿಗೆ ಆಗಿಲ್ಲದಿದ್ದರೆ ಏನಾಗುತ್ತದೆಂದು ಅವರಿಗೆ ಸ್ವಂತ ಮೈಯಿಂದಲೇ ಗೊತ್ತಿತ್ತು.

ಮುಂದಿನ ಎಂಟು ವರ್ಷಗಳಲ್ಲಿ ಯಾವುದೂ ನೆಲೆ ನಿಲ್ಲಲಿಲ್ಲ. ಅರಣ್ಯಾಧಿಕಾರಿಯ ಕೈಕೆಳಗೆ ಎರಡು ವರ್ಷ ಕಲಿಕೆ, ಯೇನಾ ವಿಶ್ವವಿದ್ಯಾನಿಲಯದಲ್ಲಿ ಸ್ವಲ್ಪ ಕಾಲ ಓದು, ಸಾಲ ತೀರಿಸಲಾಗದೆ ಅಲ್ಲಿನ ಸೆರೆಯಲ್ಲಿ ಒಂಬತ್ತು ವಾರ, ಆಮೇಲೆ ಅಲ್ಲಲ್ಲಿ ಲೆಕ್ಕಪತ್ರದ, ಭೂಮಾಪನದ ಕೆಲಸಗಳು. 1805ರಲ್ಲಿ ವಾಸ್ತುಶಿಲ್ಪ ಕಲಿಯಲೆಂದು ಫ್ರಾಂಕ್‌ಫರ್ಟ್‌ಗೆ ಹೋದವರು ಅಲ್ಲಿನ ಮಾದರಿ ಶಾಲೆಯ ಮುಖ್ಯಸ್ಥ ಗ್ರೂನರ್ ಅವರ ಕಣ್ಣಿಗೆ ಬಿದ್ದರು. ಗ್ರೂನರ್ ಅವರಿಗೆ ಈ ಯುವಕ ಶಿಕ್ಷಕನಾಗಲು ಹುಟ್ಟಿದವನೆನಿಸಿತು. ತರಗತಿಯ ಮುಂದೆ ನಿಂತ ದಿನವೇ ಫ್ರೊಬೆಲ್ ಅವರಿಗೂ ಹಾಗೆನಿಸಿತು. ಯಾವ ತರಬೇತಿಯೂ ಇಲ್ಲದೆ ನಿಂತಿದ್ದರು ಎಂಬುದನ್ನು ಮಾತ್ರ ನಾವು ಮರೆಯಬಾರದು; ಅದರ ಕಷ್ಟ ಅವರಿಗೆ ಬೇಗನೆ ತಿಳಿಯಿತು.

ಆ ಕಾಲಕ್ಕೆ ಯೂರೋಪಿನ ಶಿಕ್ಷಕರೆಲ್ಲ ಸ್ವಿಟ್ಜರ್‌ಲೆಂಡಿನ ಇವೆರ್ಡಾನ್ ಕಡೆ ನೋಡುತ್ತಿದ್ದರು. ಅಲ್ಲಿ ಪೆಸ್ಟಲಾಜಿ ಅವರ ಶಾಲೆಯಿತ್ತು. ಫ್ರೊಬೆಲ್ ಮೊದಲು ಕೆಲವು ದಿನಗಳ ಮಟ್ಟಿಗೆ ಹೋಗಿ ಬಂದರು. ಆಮೇಲೆ ತಾವು ಮನೆಪಾಠ ಹೇಳುತ್ತಿದ್ದ ಹೋಲ್ಟ್ಸ್‌ಹೌಸನ್ ಮನೆತನದ ಹುಡುಗರನ್ನು ಜತೆಗೆ ಕರೆದುಕೊಂಡು 1808ರಿಂದ 1810ರವರೆಗೆ ಅಲ್ಲೇ ನೆಲೆಸಿದರು. ಕಲಿಸುವವರೂ ಆದರು, ಕಲಿಯುವವರೂ ಆದರು. ಪೆಸ್ಟಲಾಜಿ ಅವರ ಪಾಠಕ್ರಮದಲ್ಲಿ ಅವರಿಗೆ ಕೊರತೆಗಳು ಕಂಡವು. ಸಂಜೆಯ ಬಯಲಿನಲ್ಲಿ ಮಾತ್ರ ಕೊರತೆ ಕಾಣಲಿಲ್ಲ. ಅಲ್ಲಿ ಹುಡುಗರು ಆಡುತ್ತಿದ್ದ ಆಟಗಳನ್ನು ಒಂದೊಂದಾಗಿ ಗಮನಿಸಿದರು. ಆಟ ಮೈಯನ್ನು ಗಟ್ಟಿ ಮಾಡುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಅದೇ ಆಟ ಬುದ್ಧಿಯನ್ನೂ ಮನಸ್ಸನ್ನೂ ಎಚ್ಚರಿಸುತ್ತದೆಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು. ಶ್ಟಾಟ್‌ಇಲ್ಮ್‌ನಲ್ಲಿ ತಡವರಿಸಿದ್ದ ಹುಡುಗ ಈಗ ಬಯಲಿನ ಅಂಚಿನಲ್ಲಿ ಶಿಕ್ಷಕನಾಗಿ ನಿಂತು ನೋಡುತ್ತಿದ್ದ.

ಅನಂತರ ಬರ್ಲಿನ್‌ನಲ್ಲಿ ಹರಳುಗಳ ಅಧ್ಯಯನ, ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಸ್ವಯಂಸೇವಕ ಸೈನಿಕನಾಗಿ 1813ರ ದಂಡಯಾತ್ರೆ, ಮರಳಿ ಬಂದು ಖನಿಜ ಸಂಗ್ರಹಾಲಯದಲ್ಲಿ ಸಹಾಯಕನ ಕೆಲಸ. ಘನ, ಅಂಚು, ಮುಖ ಇವುಗಳ ಮೇಲಿನ ಅವರ ಒಲವು ಬೆಳೆದದ್ದು ಅಲ್ಲಿ. ಸೈನ್ಯದಲ್ಲಿ ಸಿಕ್ಕಿದ ಲಾಂಗೆತಾಲ್ ಮತ್ತು ಮಿಡೆನ್‌ಡಾರ್ಫ್ ಎಂಬ ಇಬ್ಬರು ಗೆಳೆಯರು ಜೀವನಪೂರ್ತಿ ಜತೆಗಿದ್ದರು.

ಯುದ್ಧಕಾಲದಲ್ಲಿ ಅಣ್ಣ ಕ್ರಿಸ್ಟಾಫ್ ಟೈಫಸ್ ಜ್ವರಕ್ಕೆ ಬಲಿಯಾದರು. ಅವರ ಮಕ್ಕಳಿಗೆ ಶಿಕ್ಷಣ ಕೊಡಬೇಕೆಂದು ಫ್ರೊಬೆಲ್ ಸಂಗ್ರಹಾಲಯದ ಕೆಲಸ ಬಿಟ್ಟು, 1816ರಲ್ಲಿ ಗ್ರೀಸ್‌ಹೈಮ್‌ನಲ್ಲಿ ಅಣ್ಣಂದಿರ ಐವರು ಮಕ್ಕಳೊಂದಿಗೆ ಶಾಲೆ ತೆರೆದರು. ಮರುವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಬಂತು. ಅಲ್ಲಿ ಪಾಠವೂ ಇತ್ತು, ತೋಟದ ಕೆಲಸ, ಮರಗೆಲಸ, ಬೆಟ್ಟ ಹತ್ತುವುದು, ಹಳ್ಳಕ್ಕೆ ಒಡ್ಡು ಕಟ್ಟುವುದೂ ಇತ್ತು. 1826ರಲ್ಲಿ ಅವರ ಮುಖ್ಯ ಗ್ರಂಥ, ಮನುಷ್ಯನ ಶಿಕ್ಷಣ, ಹೊರಬಂತು. ಅದು ಓದಲು ಕಷ್ಟವಾದ ಪುಸ್ತಕ. ಆದರೆ ಪುಟ್ಟ ಮಗುವಿನ ಆಟವನ್ನು ಆ ವಯಸ್ಸಿನ ಅತ್ಯುನ್ನತ ಚಟುವಟಿಕೆ ಎಂದು ಅಲ್ಲಿ ಅವರು ಗುರುತಿಸಿದರು. ಶಾಲೆಯ ಮೇಲೆ ರಾಜಕೀಯ ಸಂಶಯ ಬಿದ್ದು ಮಕ್ಕಳ ಸಂಖ್ಯೆ ಕುಸಿಯಿತು. ಫ್ರೊಬೆಲ್ 1831ರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋದರು. ಕೊನೆಗೆ ಬುರ್ಗ್‌ಡಾರ್ಫ್‌ನ ಅನಾಥಾಲಯದ ಹೊಣೆ ಹೊತ್ತರು. ಶಾಲೆಗೆ ಬರುವ ಮುಂಚಿನ ವರ್ಷಗಳ ಕಡೆ ಅವರ ಗಮನ ಪೂರ್ತಿ ಹೊರಳಿದ್ದು ಅಲ್ಲಿ.

ಊರಿನ ಕಡೆ ಮರಳಿ, 1837ರಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ, ಕೈಲ್‌ಹೌ ಹತ್ತಿರದ ಬ್ಲಾಂಕೆನ್‌ಬುರ್ಗ್‌ನಲ್ಲಿ ಅವರು ಹೊಸ ಕೆಲಸ ಆರಂಭಿಸಿದರು. ಆಟದ ಸಾಮಾನು ತಯಾರಿಸುವುದು, ಅದನ್ನು ಹೇಗೆ ಆಡಿಸಬೇಕೆಂದು ತಿಳಿಸುವ ಹಾಳೆಗಳನ್ನು ಮುದ್ರಿಸುವುದು, ಊರ ಮಕ್ಕಳನ್ನು ಕೂಡಿಸಿ ಆಡಿಸುವುದು. ಇಷ್ಟು ಓದಿದ, ಯುದ್ಧ ಕಂಡ ಮನುಷ್ಯ ಈ ವಯಸ್ಸಿನಲ್ಲಿ ಚೆಂಡು ಹೊಲಿಸುತ್ತಾ ಕೂತದ್ದು ಹಲವರಿಗೆ ವಿಚಿತ್ರವಾಗಿ ಕಂಡಿರಬೇಕು.

ಮೊದಲ ಉಡುಗೊರೆ ಆ ಚೆಂಡೇ. ಉಣ್ಣೆಯಿಂದ ಮಾಡಿದ ಮೆತ್ತನೆಯ ಆರು ಚೆಂಡುಗಳು, ಆರು ಬಣ್ಣ, ಒಂದೊಂದಕ್ಕೂ ಒಂದು ದಾರ. ಪಠ್ಯಪುಸ್ತಕಗಳು ಬಣ್ಣದ ಬಗ್ಗೆ ಹೇಳಿ ಮುಂದೆ ಹೋಗುತ್ತವೆ. ಆದರೆ ಇದನ್ನು ಕೈಯ ದೃಷ್ಟಿಯಿಂದ ನೋಡಿ. ಹಸುಗೂಸಿನ ಅಂಗೈಯಲ್ಲಿ ಇಟ್ಟದ್ದನ್ನು ಅದು ಮುಷ್ಟಿಯಲ್ಲಿ ಹಿಡಿಯುತ್ತದೆ. ಬಿಡುವುದು ಅದಕ್ಕೆ ಬರುವುದಿಲ್ಲ. ಚೆಂಡು ಮೆತ್ತಗಿದ್ದರೆ ಹೇಗೆ ಹಿಡಿದರೂ ಸಿಗುತ್ತದೆ, ಚುಚ್ಚುವ ಮೂಲೆ ಇಲ್ಲ. ಹಿಡಿದ ಮೇಲೆ ತಾಯಿ ದಾರವನ್ನು ಮೆಲ್ಲನೆ ಎಳೆಯುತ್ತಾಳೆ. ಮಗು ಬಿಗಿ ಮಾಡುತ್ತದೆ. ಇನ್ನೊಮ್ಮೆ ಎಳೆಯುತ್ತಾಳೆ, ಚೆಂಡು ಜಾರಿಹೋಗುತ್ತದೆ, ಮಗು ಕೈ ಚಾಚುತ್ತದೆ. ಹಿಡಿತ, ಬಿಡಿತ, ಚಾಚುವಿಕೆ, ಕಣ್ಣು ಕೈಗಳ ಹೊಂದಾಣಿಕೆ ಎಂದು ನಾವು ಪಾಠಯೋಜನೆಯಲ್ಲಿ ಬೇರೆಬೇರೆ ಬರೆಯುವುದೆಲ್ಲ ಆ ಒಂದು ದಾರದ ತುದಿಯಲ್ಲಿದೆ. ತೂಗಿದಾಗ ಅತ್ತ ಇತ್ತ, ಎತ್ತಿದಾಗ ಮೇಲೆ, ಬಚ್ಚಿಟ್ಟಾಗ ಇಲ್ಲ, ತೆಗೆದಾಗ ಇದೆ ಎಂದು ತಾಯಿ ಮಾತು ಕೂಡಿಸಬೇಕೆಂದೂ ಫ್ರೊಬೆಲ್ ಬಯಸಿದರು.

ಎರಡನೆಯದು ಮರದ ಗುಂಡು, ಘನ; ಮುಂದೆ ಉರುಳೆಯೂ ಸೇರಿತು. ಉರುಳುವುದು, ಉರುಳದೆ ಕೂರುವುದು, ಎರಡೂ ಮಾಡುವುದು. ಮೂರನೆಯದು ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ. ಇದನ್ನು ಕೊಡುವ ಕ್ರಮವೇ ಸೊಗಸು. ಮರದ ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಜಾರುಮುಚ್ಚಳವನ್ನು ಪಕ್ಕಕ್ಕೆ ಎಳೆದು, ಪೆಟ್ಟಿಗೆಯನ್ನು ನೇರವಾಗಿ ಮೇಲೆತ್ತಬೇಕು. ಕೈ ಅಲುಗದಿದ್ದರೆ ಒಳಗಿನ ಘನ ಇಡಿಯಾಗಿ ನಿಂತಿರುತ್ತದೆ. ಆಟ ಮುಗಿದ ಮೇಲೆ ಮತ್ತೆ ಘನವನ್ನು ಜೋಡಿಸಿ ಪೆಟ್ಟಿಗೆಗೆ ಸೇರಿಸಬೇಕು. ಮಕ್ಕಳು ಆಟಿಕೆ ಒಡೆಯುವುದು ಹಾಳು ಮಾಡಲಿಕ್ಕಲ್ಲ, ಒಳಗೇನಿದೆ ಎಂದು ನೋಡಲು, ಮತ್ತೆ ಕಟ್ಟಲು ಎಂಬ ಗ್ರಹಿಕೆ ಇದರ ಹಿಂದಿತ್ತು. ಚರ್ಚಿನ ಪಕ್ಕದಲ್ಲಿ ಸಾಮಾನು ಪೇರಿಸಿ ಸೋತ ಹುಡುಗನಿಗೆ ಬೇಕಾಗಿದ್ದ ಪೆಟ್ಟಿಗೆ ಇದು.

ಇವುಗಳ ಜತೆಗೆ ಕೈಗೆಲಸಗಳು: ಕಾಗದ ಮಡಿಸುವುದು, ಕಾಗದದ ಪಟ್ಟಿಗಳನ್ನು ಚಾಪೆಯಂತೆ ಹೆಣೆಯುವುದು, ರಟ್ಟಿನ ಮೇಲೆ ಚುಚ್ಚಿ ನೂಲು ಹೊಲಿಯುವುದು, ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಆಕಾರ ಕಟ್ಟುವುದು, ಜೇಡಿಮಣ್ಣು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಭ್ಯಾಸ ಬೋಧನೆಯ ವೀಕ್ಷಣೆಗೆಂದು ಒಂದು ಶಾಲೆಯ ನಲಿಕಲಿ ಕೋಣೆಯಲ್ಲಿ ಕೂತಿದ್ದೆ. ಬಣ್ಣದ ಕಾಗದ ಹರಿದು ಮೀನಿನ ಚಿತ್ರಕ್ಕೆ ಅಂಟಿಸುವ ಚಟುವಟಿಕೆ. ಉದ್ದೇಶದ ಕಲಮಿನಲ್ಲಿ ಸೂಕ್ಷ್ಮ ಸ್ನಾಯು ಕೌಶಲ ಎಂದು ಅಂದವಾಗಿ ಬರೆದಿತ್ತು. ಮೂಲೆಯ ಮಗುವೊಂದು ಕಾಗದವನ್ನು ಹರಿಯಲಾರದೆ ಎರಡೂ ಕೈಗಳಿಂದ ಒಂದೇ ದಿಕ್ಕಿಗೆ ಎಳೆಯುತ್ತಿತ್ತು. ಒಂದು ಕೈ ತನ್ನ ಕಡೆಗೆ, ಇನ್ನೊಂದು ಕೈ ಆಚೆಗೆ ಹೋಗಬೇಕೆಂಬುದು ಅದಕ್ಕಿನ್ನೂ ಹೊಳೆದಿರಲಿಲ್ಲ, ಹೊಳೆಯುವ ಹಂತದಲ್ಲಿತ್ತು. ಗಂಟೆ ಆಗಲು ಹತ್ತು ನಿಮಿಷವಿತ್ತು. ಪ್ರಶಿಕ್ಷಣಾರ್ಥಿ ಬಂದು, ಕಾಗದವನ್ನು ತಾನೇ ಚಕಚಕನೆ ಹರಿದು, ಮಗುವಿನ ಬೆರಳು ಹಿಡಿದು ಅಂಟಿಸಿ ಮುಗಿಸಿದಳು. ಮೀನು ಚೆನ್ನಾಗಿ ಬಂತು, ಗೋಡೆಗೂ ಏರಿತು. ನಾನೂ ಆ ದಿನ ವೀಕ್ಷಣಾ ಪುಸ್ತಕದಲ್ಲಿ ಕಲಿಕೋಪಕರಣಗಳ ಬಳಕೆ ಉತ್ತಮ ಎಂದೇ ಬರೆದೆ. ಅದು ತಪ್ಪೆಂದು ಹೊಳೆದದ್ದು ಬಸ್ಸಿನಲ್ಲಿ ಹಿಂದಿರುಗುವಾಗ.

ಬ್ಲಾಂಕೆನ್‌ಬುರ್ಗ್‌ನ ಸಂಸ್ಥೆಗೆ ಸರಿಯಾದ ಹೆಸರು ಸಿಗದೆ ಫ್ರೊಬೆಲ್ ಬಹಳ ದಿನ ಒದ್ದಾಡಿದರು. ಗೆಳೆಯರೊಂದಿಗೆ ಗುಡ್ಡ ದಾಟಿ ನಡೆದು ಬರುವಾಗ, ಕೆಳಗಿನ ಕಣಿವೆ ಕಂಡ ಗಳಿಗೆಯಲ್ಲಿ ಕಿಂಡರ್‌ಗಾರ್ಟನ್ ಎಂಬ ಪದ ಹೊಳೆಯಿತೆಂದು ಹೇಳುತ್ತಾರೆ. 1840ರ ಜೂನ್ 28ರಂದು ಆ ಹೆಸರಿನಲ್ಲಿ ಸಂಸ್ಥೆಯ ಸ್ಥಾಪನೆಯಾಯಿತು. ತೋಟ ಎಂಬುದು ಬರೀ ಹೋಲಿಕೆಯಾಗಿರಲಿಲ್ಲ. ಪ್ರತಿ ಮಗುವಿಗೂ ಒಂದು ಪುಟ್ಟ ಪಾತಿ, ಎಲ್ಲರಿಗೂ ಸೇರಿದ ದೊಡ್ಡ ಪಾತಿ ಇರಬೇಕೆಂಬುದು ಅವರ ಯೋಜನೆ. ಅಗೆಯುವುದು, ನೀರು ಹೊರುವುದು, ಬೀಜವನ್ನು ಬೆರಳ ತುದಿಯಲ್ಲಿ ಹಿಡಿದು ಊರುವುದು: ತೋಳಿನ ಕೆಲಸವೂ ಬೆರಳಿನ ಕೆಲಸವೂ ಒಂದೇ ಪಾತಿಯಲ್ಲಿ.

1844ರಲ್ಲಿ ಬಂದ ಅವರ ತಾಯಂದಿರ ಹಾಡುಗಳ ಪುಸ್ತಕ ನನ್ನ ಮಟ್ಟಿಗೆ ಅವರ ಎಲ್ಲ ಬರಹಗಳಿಗಿಂತ ಹೆಚ್ಚು ಬಾಳುವಂಥದ್ದು. ಹಳ್ಳಿಯ ತಾಯಂದಿರು ಮಕ್ಕಳೊಂದಿಗೆ ಆಡುವ ಬಗೆಯನ್ನು ನೋಡಿ ನೋಡಿ, ಹಾಡು, ಚಿತ್ರ, ಕೈಯ ಭಂಗಿ ಮೂರನ್ನೂ ಸೇರಿಸಿ ಮಾಡಿದ್ದು. ಮೊದಮೊದಲ ಆಟಗಳಲ್ಲೊಂದು ಕಾಲಿನದು. ಅಂಗಾತ ಮಲಗಿ ಕಾಲು ಬಡಿಯುವ ಕೂಸಿನ ಪಾದಕ್ಕೆ ತಾಯಿ ತನ್ನ ಅಂಗೈ ಒಡ್ಡುತ್ತಾಳೆ. ಒದೆಯಲು ಏನಾದರೂ ಇದ್ದಾಗ ಕಾಲು ಬಲಿಯುತ್ತದೆ. ಇನ್ನೊಂದರಲ್ಲಿ ಗೋಪುರದ ಮೇಲಿನ ಗಾಳಿಕೋಳಿಯಂತೆ ಮಣಿಕಟ್ಟನ್ನು ಅತ್ತಿತ್ತ ತಿರುಗಿಸಬೇಕು. ಮುಂದೆ ಬೆರಳುಗಳು ಹಕ್ಕಿಗೂಡಾಗುತ್ತವೆ, ಪಾರಿವಾಳದ ಮನೆಯಾಗುತ್ತವೆ. ನಮ್ಮ ಮನೆಗಳಲ್ಲಿ ಚಪ್ಪಾಳೆ ತಟ್ಟಿಸುವ, ಅಂಗೈಯಲ್ಲಿ ಬೆರಳಾಡಿಸಿ ಕಚಗುಳಿಯಿಡುವ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಜ್ಜಿ ತಿಳಿಯದೆ ಮಾಡುವುದನ್ನು ಶಿಕ್ಷಕಿ ತಿಳಿದು ಮಾಡಲಿ ಎಂಬುದಷ್ಟೇ ಅವರ ಆಸೆ. ಪಾರಿವಾಳದ ಮನೆ ಮೊದಲು ಅಂಗೈಯಲ್ಲಿ ಇರುತ್ತದೆ. ದೊಡ್ಡ ಮಕ್ಕಳು ಅದನ್ನೇ ಕೈ ಕೈ ಹಿಡಿದ ವೃತ್ತವಾಗಿ ಮಾಡಿ, ಒಳಗಿನವರು ಹಾರಿ ಹೋಗಿ ಮರಳಿ ಬರುತ್ತಾರೆ. ಬೆರಳಿನ ಆಟ ಇಡೀ ಮೈಯ ಆಟವಾಗುತ್ತದೆ.

ಈ ಕೆಲಸಕ್ಕೆ ಅವರು ತರುಣಿಯರನ್ನು ತರಬೇತಿಗೊಳಿಸತೊಡಗಿದರು. ಹೆಣ್ಣುಮಕ್ಕಳು ವೃತ್ತಿಶಿಕ್ಷಕಿಯರಾಗುವುದೇ ಅಪರೂಪವಾಗಿದ್ದ ಕಾಲವದು; ಗಂಡಸರಾದ ಶಿಕ್ಷಕರಲ್ಲಿ ಅನೇಕರು ನಕ್ಕರು. ಹಣಕ್ಕೆ ಸದಾ ತತ್ವಾರ. ಸಂಸ್ಥೆಗಾಗಿ ಮಹಿಳೆಯರಿಗೆ ಷೇರು ಮಾರುವ ಯೋಜನೆಯೂ ಕೈಗೂಡಲಿಲ್ಲ. 1849ರಲ್ಲಿ ಲೀಬೆನ್‌ಸ್ಟೈನ್ ಎಂಬ ಸ್ನಾನತೀರ್ಥದ ಊರಿಗೆ ಬಂದರು. ಆ ಬೇಸಿಗೆ ಅಲ್ಲಿ ತಂಗಿದ್ದ ಬೆರ್ತಾ ಫಾನ್ ಮಾರೆನ್‌ಹೋಲ್ಟ್ಸ್-ಬ್ಯೂಲೋ ಎಂಬ ಸಿರಿವಂತ ಮಹಿಳೆಗೆ ಊರವರು ಹೇಳಿದ್ದು, ಇಲ್ಲೊಬ್ಬ ಮುದುಕ ಹಳ್ಳಿ ಮಕ್ಕಳೊಂದಿಗೆ ಕುಣಿದು ಆಡುತ್ತಾನೆ, ಮರುಳನಂತೆ, ಎಂದು. ಆಕೆ ಹೋಗಿ ನೋಡಿದರು. ಉದ್ದ ನರೆಗೂದಲಿನ ಎತ್ತರದ ಮನುಷ್ಯ, ಬರಿಗಾಲಿನ ಪುಟ್ಟ ಮಕ್ಕಳ ದಂಡನ್ನು ಗುಡ್ಡದ ಮೇಲೆ ಆಟವಾಡಿಸುತ್ತಿದ್ದರು. ಆಕೆ ನಗಲಿಲ್ಲ, ಉಳಿದ ಬದುಕನ್ನು ಆ ಕೆಲಸಕ್ಕೇ ಕೊಟ್ಟರು.

1851ರ ಆಗಸ್ಟ್‌ನಲ್ಲಿ ಪ್ರಷ್ಯ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ಸಮಾಜವಾದ ಮತ್ತು ನಾಸ್ತಿಕತೆ ಬಿತ್ತುತ್ತವೆಂಬುದು ಆರೋಪ. ಅಣ್ಣನ ಮಗ ಕಾರ್ಲ್ ಫ್ರೊಬೆಲ್ ಬರೆದ ಕಿರುಹೊತ್ತಗೆಯನ್ನು ಚಿಕ್ಕಪ್ಪನದೆಂದು ಅಧಿಕಾರಿಗಳು ಗೊಂದಲ ಮಾಡಿಕೊಂಡಿದ್ದರು. ಫ್ರೊಬೆಲ್ ವಿವರಣೆ ಬರೆದರು, ಮನವಿ ಮಾಡಿದರು, ಆದೇಶ ಬದಲಾಗಲಿಲ್ಲ. ಹತ್ತು ತಿಂಗಳ ಬಳಿಕ, 1852ರ ಜೂನ್ 21ರಂದು, ಲೀಬೆನ್‌ಸ್ಟೈನ್ ಬಳಿಯ ಮಾರಿಯೆಂತಾಲ್‌ನಲ್ಲಿ ತೀರಿಕೊಂಡರು. ಶ್ವೈನಾ ಊರಿನ ಸ್ಮಶಾನದಲ್ಲಿರುವ ಅವರ ಸಮಾಧಿಗೆ ಕೆಳಗೆ ಘನ, ಅದರ ಮೇಲೆ ಉರುಳೆ, ತುದಿಯಲ್ಲಿ ಗುಂಡು. ನಿಷೇಧ ತೆರವಾದದ್ದು 1860ರಲ್ಲಿ. ಅದಕ್ಕೆ ಮಾರೆನ್‌ಹೋಲ್ಟ್ಸ್-ಬ್ಯೂಲೋ ಅವರ ಓಡಾಟವೂ ಕಾರಣ.

ಸರ್ಕಾರ ಮಾಡಲಾಗದ ಹಾನಿಯನ್ನು ಭಕ್ತರು ಮಾಡಿದರು. ಫ್ರೊಬೆಲ್ ಪದ್ಧತಿ ಇಂಗ್ಲೆಂಡಿಗೆ, ಅಮೆರಿಕಕ್ಕೆ ಹರಡಿತು, ಉಡುಗೊರೆಗಳು ಕಾರ್ಖಾನೆಗಳಲ್ಲಿ ತಯಾರಾದವು. ಮೇಜಿನ ಮೇಲೆ ಅಂಗುಲ ಅಂಗುಲಕ್ಕೆ ಚೌಕದ ಗೆರೆ ಎಳೆದು, ಶಿಕ್ಷಕಿ ಹೇಳಿದಂತೆ ಎಲ್ಲ ಮಕ್ಕಳೂ ಒಟ್ಟಿಗೆ ಒಂದೊಂದು ಘನವನ್ನು ಒಂದೊಂದು ಚೌಕಕ್ಕೆ ಸರಿಸುವ ಪಾಠಗಳು ಬಂದವು. ನಾಲ್ಕು ವರ್ಷದ ಮಕ್ಕಳು ಸೂಜಿಯಿಂದ ರಟ್ಟಿನಲ್ಲಿ ಸಣ್ಣ ತೂತುಗಳ ಸಾಲು ಚುಚ್ಚುತ್ತಾ ಕೂತರು. ಇದರ ಬೀಜ ಫ್ರೊಬೆಲ್ ಅವರಲ್ಲೇ ಇತ್ತೆಂಬುದನ್ನು ಒಪ್ಪಬೇಕು. ಕಟ್ಟುವಾಗ ಎಲ್ಲ ತುಂಡುಗಳನ್ನೂ ಬಳಸಲೇಬೇಕು, ಒಂದು ರೂಪವನ್ನು ಕೆಡವದೆ ಇನ್ನೊಂದಾಗಿ ಬದಲಿಸಬೇಕು ಎಂಬಂಥ ನಿಯಮಗಳು ಅವರವೇ. ಹರಳುಗಳ ವಿದ್ಯಾರ್ಥಿ ಒಮ್ಮೊಮ್ಮೆ ಮಕ್ಕಳ ಗೆಳೆಯನನ್ನು ಮೀರಿ ಮಾತನಾಡುತ್ತಿದ್ದರು.

ತಿದ್ದುಪಡಿ ಅಮೆರಿಕದಿಂದ ಬಂತು. ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡುತ್ತಿದ್ದ ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್ 1895ರ ಬೇಸಿಗೆಯಲ್ಲಿ ಶಿಶುವಿಹಾರದ ಶಿಕ್ಷಕಿಯರ ಮುಂದೆ ತಮ್ಮ ಟೀಕೆಯನ್ನಿಟ್ಟರು. ಮಗುವಿನಲ್ಲಿ ಮೊದಲು ಹಿಡಿತಕ್ಕೆ ಬರುವುದು ಬೆನ್ನು, ಭುಜ, ತೋಳು, ತೊಡೆಯ ದೊಡ್ಡ ಸ್ನಾಯುಗಳು. ಬೆರಳಿನ ನಾಜೂಕು ಆಮೇಲೆ. ಅಂಗುಲದ ಘನ, ಸೂಜಿ, ಸಣ್ಣ ಕಡ್ಡಿ ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ, ಕಣ್ಣಿಗೂ ನರಕ್ಕೂ ಆಯಾಸ ತರುತ್ತವೆ ಎಂಬುದು ಅವರ ವಾದ. ಬಹುತೇಕ ಶಿಕ್ಷಕಿಯರು ಸಿಟ್ಟಾಗಿ ಎದ್ದು ಹೋದರು. ಉಳಿದು ಕೇಳಿದವರಲ್ಲಿ ಆ್ಯನಾ ಬ್ರಯನ್ ಮತ್ತು ಅವರ ಶಿಷ್ಯೆ ಪ್ಯಾಟಿ ಸ್ಮಿತ್ ಹಿಲ್ ಇದ್ದರು. ಇಬ್ಬರೂ ಫ್ರೊಬೆಲ್ ಪದ್ಧತಿಯಲ್ಲೇ ತಯಾರಾದವರು.

ಪ್ಯಾಟಿ ಹಿಲ್ ಮುಂದೆ ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ ಶಿಕ್ಷಕಿಯರನ್ನು ತಯಾರು ಮಾಡಿದರು. ಅವರು ಉಡುಗೊರೆಗಳನ್ನು ಎಸೆಯಲಿಲ್ಲ, ಹಿಗ್ಗಿಸಿದರು. ಅವರು ರೂಪಿಸಿದ ಮರದ ದಿಮ್ಮಿಗಳು ಮೇಜಿನ ಮೇಲೆ ಹಿಡಿಸುವಂಥವಲ್ಲ. ನೆಲದ ಮೇಲೆ ಬಗ್ಗಿ, ಎರಡು ಕೈಗಳಿಂದ ಎತ್ತಿ, ತೋಳಿನಲ್ಲಿ ಅಪ್ಪಿಕೊಂಡು ನಡೆದು, ನಿಲ್ಲಿಸಿ ಜೋಡಿಸಬೇಕು. ಗೆರೆ ಎಳೆದ ಮೇಜಿನ ಮುಂದೆ ಕೂತು ಹೇಳಿದ್ದನ್ನು ಮಾಡುತ್ತಿದ್ದ ವಯಸ್ಸಿನ ಮಕ್ಕಳೇ ಈ ದಿಮ್ಮಿಗಳಿಂದ ಮನೆ ಕಟ್ಟಿ, ಬಾಗಿಲಿಗೆ ಜಾಗ ಬಿಟ್ಟು, ತಲೆ ತಗ್ಗಿಸಿ ಒಳಗೆ ಹೋಗಿ ಕೂತರು.